ಹೊಟ್ಟೆಯಿಲ್ಲದ ಹಾಯಿ

ಬಂದರಿನ ಬೀದಿಯಲ್ಲಿ ವ್ಯಾಪಾರ ಮಾಡುವವರು ಯಾರನ್ನೂ ಸುಮ್ಮನೆ ಹೊಗಳುವುದಿಲ್ಲ. ಹೊಗಳಿದರೆ ಎದುರಿನವನು ರೇಟು ಏರಿಸುತ್ತಾನೆ ಎಂಬ ಭಯ. ಅಂಥವರೂ ಹಾಯಿಗಾರನ ಹೊಲಿಗೆಯ ಮಾತು ಬಂದಾಗ ಕೊಂಕು ತೆಗೆಯದೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಆ ಬೀದಿಯ ಮಟ್ಟಿಗೆ ಅದೇ ದೊಡ್ಡ ಸನ್ಮಾನ.

ಹಗ್ಗದಂಗಡಿಗೂ ಇಂಜಿನ್ ಬಿಡಿಭಾಗದ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ ಅವನದು. ನೆಲಕ್ಕೆಲ್ಲ ಹಲಗೆ ಹಾಸಿತ್ತು, ಏಕೆಂದರೆ ಹಾಯಿಯನ್ನು ಮೇಜಿನ ಮೇಲೆ ಕತ್ತರಿಸಲಾಗುವುದಿಲ್ಲ. ನೆಲದಗಲಕ್ಕೂ ಹರಡಿ, ಮಂಡಿಯೂರಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಬೇಕು. ಹಾಗೆ ಊರಿ ಊರಿ ಅವನ ಮಂಡಿಗಳು ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿದ್ದವು. ಉಳಿದ ಭಾಗವೆಲ್ಲ ಮೆತ್ತಗೆ ಬೆಳೆದು, ಐವತ್ತು ದಾಟುವಾಗ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಮದುವೆ ಆಗಿರಲಿಲ್ಲ. ಮಹಡಿಯ ಮೇಲೆ ಅಕ್ಕ ಇದ್ದಳು. ಹೆಂಡತಿ ಇದ್ದಿದ್ದರೆ ಬೈಯಬಹುದಾಗಿದ್ದ ಬೈಗುಳವನ್ನೆಲ್ಲ ಆಕೆಯೇ ಬೈದು, ಅವನಿಗೆ ಯಾವ ಕೊರತೆಯೂ ಆಗದಂತೆ ನೋಡಿಕೊಂಡಿದ್ದಳು.

ಹಾಯಿಯ ಮರ್ಮವೆಲ್ಲ ಅದರ ಹೊಟ್ಟೆಯಲ್ಲಿದೆ. ಪಟ್ಟಿ ಪಟ್ಟಿಯಾಗಿ ಬಟ್ಟೆ ಜೋಡಿಸುವಾಗ ಅಂಚನ್ನು ನೇರ ಕತ್ತರಿಸಬಾರದು, ಕಣ್ಣಿಗೆ ಕಂಡೂ ಕಾಣದಷ್ಟು ಬಾಗಿಸಬೇಕು. ಬಾಗಿದ ಅಂಚುಗಳನ್ನು ಕೂಡಿಸಿ ಹೊಲಿದರೆ ಹಾಯಿ ಉಬ್ಬುತ್ತದೆ, ಇಷ್ಟೇ ಇಷ್ಟು ಗಾಳಿ ಬಂದರೂ ಬಾಚಿ ಒಳಗಿಟ್ಟುಕೊಳ್ಳುತ್ತದೆ. ನೇರ ಕತ್ತರಿಸಿ ಹೊಲಿದರೆ ಅದು ಹಾಯಿಯಲ್ಲ, ಒಣಹಾಕಿದ ಬೆಡ್‌ಶೀಟು. ಎಷ್ಟು ಬಾಗಿಸಬೇಕು ಎಂದು ಹಾಯಿಗಾರನನ್ನು ಕೇಳಿದರೆ ಅವನು ಬಾಯಿಂದ ಹೇಳುತ್ತಿರಲಿಲ್ಲ, ಕೈಯಿಂದ ಗಾಳಿಯಲ್ಲಿ ಒಂದು ಗೆರೆ ಎಳೆದು ತೋರಿಸುತ್ತಿದ್ದ. ಕೇಳಿದವನು ತಿಳಿದವನಂತೆ ತಲೆಯಾಡಿಸಿ ಹೋಗುತ್ತಿದ್ದ.

ಆ ಗೆರೆಯನ್ನು ನಿಜಕ್ಕೂ ಬಲ್ಲವನು ಇನ್ನೊಬ್ಬನೇ ಇದ್ದ. ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಸರ್ಫಿಂಗ್ ಬೋರ್ಡು ರಿಪೇರಿ ಮಾಡುತ್ತಿದ್ದ ಗೆಳೆಯ. ಬಂಡೆಗೆ ಬಡಿದು ಮೂಗು ಮುರಿದುಕೊಂಡ ಬೋರ್ಡು, ನಡುವೆ ಬಿರುಕು ಬಿಟ್ಟ ಬೋರ್ಡು ಯಾವುದೇ ಬರಲಿ, ಅಂಟು ತುಂಬಿ, ಉಜ್ಜಿ, ನುಣುಪು ಮಾಡಿ ಕೊಡುವುದು ಅವನ ಕಸುಬು. ಬೀದಿಯವರು ಅವನಿಗಿಟ್ಟ ಹೆಸರು ಒಂದ್ನಿಮಿಷ. ಅಲೆ ಎದ್ದಿದೆ ಎಂದು ಯಾರಾದರೂ ಹೇಳಿದರೆ ಸಾಕು, ಎದುರಿಗಿದ್ದ ಗಿರಾಕಿಗೆ ಒಂದ್ನಿಮಿಷ ಎಂದು ಹೇಳಿ ಬೋರ್ಡನ್ನು ಬಗಲಿಗೇರಿಸಿಕೊಂಡು ಹೋದವನು ಸಂಜೆ ತಲೆಯಿಂದ ನೀರು ತೊಟ್ಟಿಕ್ಕಿಸುತ್ತ ವಾಪಸು ಬರುತ್ತಿದ್ದ. ಗಿರಾಕಿ ಅಲ್ಲೇ ಕೂತು ಕಾಯುತ್ತಿರುತ್ತಿದ್ದ. ಅದು ಯಾವ ಜಾತಿಯ ವ್ಯಾಪಾರ ಎಂಬುದು ಆ ಬೀದಿಯ ಬುದ್ಧಿವಂತರಿಗೆ ಇವತ್ತಿಗೂ ಬಿಡಿಸಲಾಗದ ಒಗಟು. ಕೆಲಸವಿಲ್ಲದ ಹೊತ್ತಿನಲ್ಲಿ ಒಂದ್ನಿಮಿಷ ಹಾಯಿಗಾರನ ಅಂಗಡಿಗೆ ಬಂದು ಗೋಡೆಗೊರಗಿ ಕಾಲು ಚಾಚುತ್ತಿದ್ದ. ಇವನು ಕತ್ತರಿಸುವುದನ್ನು ಅವನು ನೋಡುವುದು, ಅವನು ಬಡಾಯಿ ಕೊಚ್ಚುವುದನ್ನು ಇವನು ಕೇಳುವುದು. ಹೀಗೇ ಅರ್ಧ ಆಯುಷ್ಯ ಕಳೆದಿತ್ತು.

ಆಮೇಲೆ ಒಂದ್ನಿಮಿಷನಿಗೆ ಮೆಟ್ಟಿಲು ಹತ್ತುವಾಗ ಉಸಿರು ಸಾಲದಾಯಿತು. ಹೃದಯ ಊದಿಕೊಂಡಿದೆ, ಇನ್ನು ಬಕೆಟ್ ನೀರು ಎತ್ತುವುದೂ ಬೇಡ ಎಂದರು ಡಾಕ್ಟರು. ಸಮುದ್ರದ ಮಾತೆತ್ತಿದ್ದಕ್ಕೆ ಅವರು ಕನ್ನಡಕ ತೆಗೆದು ಅವನನ್ನೇ ನೋಡಿದರಂತೆ. ಇಷ್ಟು ದಿನ ಮನಸ್ಸು ಚಿಕ್ಕದು ಅಂತ ಹೆಂಡತಿ ಬೈತಿದ್ದಳು, ಈಗ ಎದೆ ದೊಡ್ಡದಾಗಿದೆ ಅಂತ ಅಳ್ತಾಳೆ, ಯಾವುದಕ್ಕೂ ಸಮಾಧಾನ ಇಲ್ಲ ಎಂದು ಒಂದ್ನಿಮಿಷ ಅಂಗಡಿಗೆ ಬಂದು ನಕ್ಕ. ನಕ್ಕು ಮುಗಿಸಲು ಎರಡು ಸಲ ನಿಲ್ಲಬೇಕಾಯಿತು.

ನಗು ಮುಗಿದ ಮೇಲೆ ಅವನು ಕೇಳಿದ್ದು ಒಂದೇ. ತೀರ ಹಿಡಿದು ದಕ್ಷಿಣಕ್ಕೆ ಹೋದರೆ ಸಮುದ್ರಕ್ಕೆ ಚಾಚಿಕೊಂಡ ಒಂದು ಬಂಡೆಮೂಲೆ ಇತ್ತು. ಎಲ್ಲೋ ನಡುಗಡಲಿನಲ್ಲಿ ಎದ್ದ ಬಿರುಗಾಳಿಯ ಅಲೆಗಳು ವರ್ಷಕ್ಕೊಮ್ಮೆ ಅಲ್ಲಿಗೆ ಬಂದು ಮುಟ್ಟಿದಾಗ, ಮೂಲೆಯಿಂದ ಹೊರಟ ಅಲೆ ಎಲ್ಲೂ ಮುರಿದು ಬೀಳದೆ ಕೊಲ್ಲಿಯ ಒಳಗಿನ ಮರಳಿನವರೆಗೂ ಓಡುತ್ತದೆ. ಹರೆಯದಲ್ಲಿ ಒಂದ್ನಿಮಿಷ ಅದನ್ನೊಮ್ಮೆ ಹಿಡಿದಿದ್ದ. ಅರ್ಧಕ್ಕೆ ಬಿದ್ದಿದ್ದ. ಅಂದಿನಿಂದ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೋರ್ಡು ಉಜ್ಜುವಾಗಲೆಲ್ಲ ಉಳಿದರ್ಧವನ್ನು ಮನಸ್ಸಿನಲ್ಲೇ ಓಡಿಸುತ್ತಿದ್ದನಂತೆ. ಈಗ ಅದನ್ನು ಕಾಲ ಕೆಳಗೇ ಓಡಿಸಬೇಕು. ಹಾಯಿಗಾರನಿಗೆ ಸೋದರಮಾವನಿಂದ ಬಂದ ಮರದ ದೋಣಿಯೊಂದಿತ್ತು. ಹಳೆಯ ಹಾಯಿ ಚಿಂದಿಯಾಗಿತ್ತು. ಹೊಸದೊಂದು ಹೊಲಿದುಕೊಂಡರೆ ಅಲೆ ಬರುವ ವಾರಕ್ಕೆ ಸರಿಯಾಗಿ ಅಲ್ಲಿರಬಹುದು. ದಾರಿಯಲ್ಲಿ ಇಂಜಿನ್ನಿನ ಗದ್ದಲ ಬೇಡ ಎಂದ. ಹಾಯಿಗಾರನಿಗೂ ಅದು ಒಪ್ಪಿಗೆಯೇ. ಹಾಯಿ ಹೊಲಿಯುವವನು ದೋಣಿಗೆ ಇಂಜಿನ್ ಇಡುವುದು ದರ್ಜಿಯೊಬ್ಬ ಮಗಳ ಮದುವೆಗೆ ರೆಡಿಮೇಡ್ ಅಂಗಿ ತೊಟ್ಟಂತೆ.

"ಒಂದೇ ಒಂದು ಅಲೆ ಕಣೋ. ಆಮೇಲೆ ನೀವೆಲ್ಲ ಹೇಳಿದ ಹಾಗೆ ಬಿದ್ದುಕೊಂಡಿರ್ತೀನಿ," ಎಂದ ಒಂದ್ನಿಮಿಷ.

ಮರುದಿನ ಮಧ್ಯಾಹ್ನ ಅವನ ಹೆಂಡತಿ ಬಂದಳು. ಹೊಳೆ ದಾಟಿಸುವ ದೋಣಿಯ ಟಿಕೆಟ್ ಕೌಂಟರಿನಲ್ಲಿ ಅವಳಿಗೆ ಕೆಲಸ. ಊಟದ ಬಿಡುವಿನಲ್ಲಿ ಊಟ ಬಿಟ್ಟು ಬಂದಿದ್ದಳು. ದಿನವಿಡೀ ಸಣ್ಣ ಕಿಂಡಿಯೊಳಗಿಂದ ಜನರ ಕೈಗಳನ್ನಷ್ಟೇ ನೋಡುವ ಅಭ್ಯಾಸಕ್ಕೋ ಏನೋ, ಆಗಲೂ ಹಾಯಿಗಾರನ ಕೈಯನ್ನು ನೋಡಿಕೊಂಡೇ ಮಾತಾಡಿದಳು.

"ಬೇಡ ಅಂತ ಮಾತ್ರ ಹೇಳಬೇಡಿ ಅಣ್ಣ. ನೀವು ಬೇಡ ಅಂದ್ರೆ ವ್ಯಾನಿನಲ್ಲಿ ಅಲೆ ಹುಡುಕ್ಕೊಂಡು ತಿರುಗೋ ಆ ಹುಡುಗರ ಜೊತೆ ಹೋಗ್ತಾರೆ. ಅವರು ಇವರನ್ನ ನೀರಿಗೆ ತಳ್ಳಿ ಚಪ್ಪಾಳೆ ಹೊಡೀತಾರೆ. ನೀವೇ ಕರ್ಕೊಂಡು ಹೋಗಿ. ಆದ್ರೆ ಅಲೆ ಇರೋವಾಗ ಅಲ್ಲಿಗೆ ಮುಟ್ಟಬೇಡಿ."

ಉತ್ತರಕ್ಕೆ ಅವಳು ಕಾಯಲಿಲ್ಲ, ಕೌಂಟರ್ ತೆರೆಯುವ ಹೊತ್ತಾಗಿತ್ತು.

ಎರಡು ದಿನ ಅವನು ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಸುತ್ತಲೂ ಓಡಾಡಿದ. ಸೀಮೆಸುಣ್ಣ ಹಿಡಿದು ಕೂರುವುದು, ಏಳುವುದು. ಒಳಗೊಳಗೇ ಒಂದು ಚೌಕಾಸಿ ನಡೆಯುತ್ತಿತ್ತು. ದೋಣಿ ನಿಧಾನವಾಗಿ ಅಲೆ ಹೋದ ಮೇಲೆ ಮುಟ್ಟಿದರೆ ಗೆಳೆಯನಿಗೆ ಪ್ರಯಾಣ ಸಿಗುತ್ತದೆ, ಅವನ ಹೆಂಡತಿಗೆ ಗಂಡ ಸಿಗುತ್ತಾನೆ, ತನಗೆ ಗೋಡೆಗೊರಗಿ ಕಾಲು ಚಾಚುವವನು ಇನ್ನೂ ಒಂದಷ್ಟು ದಿನ ಸಿಗುತ್ತಾನೆ. ಮೂವರಿಗೂ ಲಾಭ. ಮೂವರಿಗೂ ಲಾಭವಿರುವ ವ್ಯಾಪಾರ ಕಂಡರೆ ಬೀದಿಯ ಯಾವ ಅಂಗಡಿಯವನಿಗಾದರೂ ಅನುಮಾನ ಬರುತ್ತಿತ್ತು. ಹಾಯಿಗಾರ ಹೊಲಿಯಬಲ್ಲವನೇ ಹೊರತು ವ್ಯಾಪಾರ ಬಲ್ಲವನಾಗಿರಲಿಲ್ಲ. ಉದ್ದನೆಯ ಅಳತೆಪಟ್ಟಿ ಹಿಡಿದು ಗೆರೆಯನ್ನು ನೇರ ಎಳೆದ. ಅಂಚನ್ನು ನೇರ ಕತ್ತರಿಸಿದ. ಅಂಗೈಗೆ ತೊಗಲು ಕಟ್ಟಿಕೊಂಡು, ದಬ್ಬಣಕ್ಕೆ ಮೇಣದ ದಾರ ಪೋಣಿಸಿ, ಅಷ್ಟುದ್ದದ ನೇರ ಹೊಲಿಗೆಯನ್ನು ಎಂದಿನ ಅಂದದಲ್ಲೇ ಹೊಲಿದ. ಕೈ ಮೋಸಕ್ಕೂ ಚೆನ್ನಾಗಿಯೇ ಹೊಲಿಯಿತು. ಆ ದಿನಗಳಲ್ಲಿ ಒಂದ್ನಿಮಿಷ ಶೆಡ್ಡಿನಲ್ಲಿ ತನ್ನ ಬೋರ್ಡಿಗೆ ಮೇಣ ಹಚ್ಚುತ್ತಿದ್ದುದರಿಂದ ಇತ್ತ ಬರಲಿಲ್ಲ.

ಹೊರಟ ಬೆಳಿಗ್ಗೆ ಅಕ್ಕ ಬ್ರೆಡ್ಡು, ಬಾಳೆಹಣ್ಣು, ಚಹಾಪುಡಿಯ ಡಬ್ಬ ತಂದು ದೋಣಿಗಿಟ್ಟಳು. ಇಬ್ಬರ ವಯಸ್ಸು ಕೂಡಿದರೆ ನೂರು ದಾಟಿತು, ಇಬ್ಬರ ಬುದ್ಧಿ ಕೂಡಿದರೆ ಇನ್ನೂ ಶಾಲೆಗೆ ಸೇರಿಸೋ ಹಾಗಿಲ್ಲ ಎಂದಳು. ಒಂದ್ನಿಮಿಷನ ಹೆಂಡತಿ ಕಟ್ಟೆಯ ಮೇಲೆ ನಿಂತು ಮಾತ್ರೆ ಯಾವಾಗ ಕೊಡಬೇಕು, ಯಾವುದನ್ನು ನಾಲಿಗೆಯ ಕೆಳಗಿಡಬೇಕು ಎಂದು ಹಾಯಿಗಾರನಿಗೆ ಹೇಳಿಕೊಟ್ಟಳು.

ಗಾಳಿ ಮೆಲ್ಲಗಿತ್ತು. ಅಂಥ ಗಾಳಿಗೇ ಹೊಟ್ಟೆಯಿರುವ ಹಾಯಿ ಬೇಕಾಗುವುದು. ದೋಣಿ ನೀರಿನ ಮೇಲೆ ಯೋಚನೆ ಮಾಡುತ್ತ ಸಾಗಿತು. ಎಡಗಡೆ ತೆಂಗಿನ ಸಾಲು, ಬಿಳಿಯ ಮರಳು, ನಡುನಡುವೆ ಒಣಗಲು ಹಾಕಿದ ಬಲೆಗಳು. ನೋಡಿದ ಮರವೇ ಮತ್ತೆ ಮತ್ತೆ ಎದುರಿಗೆ ಬರುತ್ತಿದೆಯೇನೋ ಎಂಬಷ್ಟು ನಿಧಾನ. ತೇಪೆಯ ಮೇಲೆ ತೇಪೆ ಬಿದ್ದ ಹಾಯಿಯ ಮೀನುದೋಣಿಯೊಂದು ಹಿಂದಿನಿಂದ ಬಂದು, ಕೈ ಬೀಸಿ, ಮುಂದೆ ಹೋಗಿಯೇಬಿಟ್ಟಿತು. ಒಂದ್ನಿಮಿಷ ದೋಣಿಯ ತಳದಲ್ಲಿ ಅಂಗಾತ ಮಲಗಿದ್ದ. ಹಗ್ಗ ಎಳೆಯಲು, ನೀರು ಮೊಗೆಯಲು, ಲಂಗರು ಎತ್ತಲು ಯಾವುದಕ್ಕೂ ಅವನನ್ನು ಬಿಡುವಂತಿರಲಿಲ್ಲ. ಆದ್ದರಿಂದ ಮೇಲೆ ನೋಡುವುದೊಂದೇ ಅವನಿಗೆ ಉಳಿದ ಕೆಲಸ.

"ಹೊಟ್ಟೆಯೆಲ್ಲ ಹೊಲಿಯೋನಿಗೇ ಬಂದು ಹಾಯಿಗೆ ಏನೂ ಉಳಿದ ಹಾಗಿಲ್ಲ," ಎಂದ.

ಹೊಸ ಬಟ್ಟೆ, ನಾಲ್ಕು ದಿನ ಗಾಳಿ ಕುಡಿದರೆ ಸಡಿಲ ಆಗುತ್ತದೆ ಎಂದ ಹಾಯಿಗಾರ. ಆ ಸುಳ್ಳನ್ನು ಗಿರಾಕಿಗಳಿಗೂ ಅವನು ಎಂದೂ ಹೇಳಿರಲಿಲ್ಲ.

ಮಾರನೆಯ ಮಧ್ಯಾಹ್ನ ಒಂದು ಸಣ್ಣ ಕೊಲ್ಲಿಯಲ್ಲಿ ಲಂಗರು ಹಾಕಿದರು. ಮಂಡಿಯೆತ್ತರದ ಅಲೆಗಳು ಮರಳಿಗೆ ಬಂದು ಮುಗ್ಗರಿಸುತ್ತಿದ್ದವು. ಒಂದ್ನಿಮಿಷನಿಗೆ ಹುರುಪು ಬಂತು. ತಾನು ಹತ್ತುವುದಿಲ್ಲ ಎಂದು ಆಣೆ ಮಾಡಿ, ಹಾಯಿಗಾರನನ್ನೇ ಬೋರ್ಡಿನ ಮೇಲೆ ಬೋರಲು ಮಲಗಿಸಿದ. ಸೊಂಟದವರೆಗಿನ ನೀರಿನಲ್ಲಿ ನಿಂತು, ಅಲೆ ಬಂದಾಗ ಬೋರ್ಡಿನ ಬಾಲವನ್ನು ಬೆರಳಿನಲ್ಲಿ ಮುಟ್ಟಿ ದಾರಿ ತೋರಿಸುತ್ತಿದ್ದ. ಹಾಯಿಗಾರ ಹತ್ತಿದ, ಬಿದ್ದ, ಕುಡಿಯಬಾರದಷ್ಟು ಉಪ್ಪುನೀರು ಕುಡಿದ. ಮಂಡಿ ನೆಲಕ್ಕೆ ಊರೋದಕ್ಕಷ್ಟೇ ಇರೋದು ಅಂದ್ಕೊಂಡಿದ್ದೀಯಾ, ಎತ್ತು ಎಂದು ಗೆಳೆಯ ರೇಗಿಸಿದ. ಸಂಜೆಯಾಗುವ ಹೊತ್ತಿಗೆ ಹೇಗೋ ಒಂದು ಅಲೆ ಅವನನ್ನು ಎತ್ತಿ ಹಿಡಿಯಿತು. ಎದ್ದು ನಿಂತ. ಗುಡಾಣದಂಥ ದೇಹ ಕ್ಷಣಹೊತ್ತು ಗಾಳಿಯಂತೆ ಹಗುರಾಗಿ ಮರಳಿನವರೆಗೂ ಓಡಿತು. ಅವನು ಹಿಂತಿರುಗಿ ನೋಡಿದಾಗ ಒಂದ್ನಿಮಿಷ ಎರಡೂ ಕೈ ತಲೆಯ ಮೇಲಿಟ್ಟುಕೊಂಡು, ಉಸಿರು ಸಿಗದೆ ಬಾಯಿ ತೆರೆದು ನಗುತ್ತಿದ್ದ.

ಮರಳಿನ ಮೇಲೆ ಚಹಾ ಕಾಯಿಸುವಾಗ, ಹೇಗಿತ್ತು ಎಂದು ಗೆಳೆಯ ಕೇಳಿದ. ಹಾಯಿಗಾರ ಕೈಯಿಂದ ಗಾಳಿಯಲ್ಲಿ ಒಂದು ಉದ್ದನೆಯ ಗೆರೆ ಎಳೆದ. ಹೌದಲ್ಲ, ಎಂದ ಒಂದ್ನಿಮಿಷ. ಅದು ಈ ಪುಟ್ಟ ಅಲೆಯದು, ಬಂಡೆಮೂಲೆಯಲ್ಲಿ ಎಂಥದಿರುತ್ತದೆ ಯೋಚನೆ ಮಾಡು ಎಂದ. ಗೆಳೆಯ ಕೇಳುತ್ತಿರುವುದು ಏನು ಎಂದು ಹಾಯಿಗಾರನಿಗೆ ಗೊತ್ತಾದದ್ದು ಆ ಹೊತ್ತಿನಲ್ಲಿ, ಹಾಯಿ ಹೊಲಿದು ಮುಗಿದ ಮೇಲೆ.

ಮುಂದಿನ ಊರಿನ ಮೀನುಗಾರರ ರೇಡಿಯೋದಲ್ಲಿ ಅಲೆ ಹೊರಟಿರುವ ಸುದ್ದಿ ಬರುತ್ತಿತ್ತು. ಆ ದಡದಲ್ಲೇ ಬಿದಿರಿಗೆ ಸುತ್ತಿಟ್ಟ ಹಳೆಯ ಹಾಯಿಯೊಂದು ಇತ್ತು, ಅವರ ದೋಣಿಯ ಅಳತೆಗೆ ಹೆಚ್ಚುಕಡಿಮೆ ಹೊಂದುವಂಥದು. ಒಂದ್ನಿಮಿಷ ಆಗಲೇ ಅದರ ಯಜಮಾನನ ಜೊತೆ ಮಾತಾಡಿ ಬಂದಿದ್ದ. ಮುದುಕ ವಾಪಸು ಬರುವಾಗ ಕೊಟ್ಟರೆ ಸಾಕು ಅಂತಾನೆ, ಕಟ್ಟೋಣವಾ ಎಂದು ಕೇಳಿದ. ಕೇಳಿ, ಹಾಯಿಗಾರನ ಮುಖವನ್ನು ಬಹಳ ಹೊತ್ತು ನೋಡಿದ.

ಹಾಯಿಗಾರ ಹೌದು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ, ಮರಳಿನ ಏರನ್ನು ಹತ್ತಿ ಬಂದ ಆಯಾಸಕ್ಕೆ ಗೆಳೆಯನ ಕತ್ತಿನ ನರ ಹಾರುತ್ತಿರುವುದು ಅವನ ಕಣ್ಣಿಗೆ ಬಿತ್ತು.

"ಬೇಡ. ನಮ್ಮದೇ ಸಾಕು," ಎಂದ.

ಸರಿ, ನೀನು ಹೇಳಿದ ಮೇಲೆ ಮುಗೀತು ಎಂದ ಒಂದ್ನಿಮಿಷ. ಅಲ್ಲಿಂದ ಮುಂದೆ ಹಾಯಿಯ ಬಗ್ಗೆ ಒಂದು ತಮಾಷೆಯನ್ನೂ ಮಾಡಲಿಲ್ಲ.

ಬಂಡೆಮೂಲೆಯನ್ನು ಸುತ್ತಿ ಕೊಲ್ಲಿಗೆ ಬಂದಾಗ ಸಮುದ್ರ ಇಸ್ತ್ರಿ ಮಾಡಿದಂತೆ ಮಲಗಿತ್ತು. ದಡದಲ್ಲಿ ಕೆಲವು ಯುವಕರು ವ್ಯಾನಿನ ಮೇಲೆ ಬೋರ್ಡು ಕಟ್ಟುತ್ತಿದ್ದರು. ಬಿಸಿಲಿಗೆ ಅವರ ಮೂಗು ಸುಲಿದಿತ್ತು, ಕಣ್ಣುಗಳು ಇನ್ನೂ ಹೊಳೆಯುತ್ತಿದ್ದವು. ಅವರಲ್ಲೊಬ್ಬ ಒಂದ್ನಿಮಿಷನ ಹಳೆಯ ಬೋರ್ಡನ್ನು ನೋಡಿ ಮರ್ಯಾದೆಯಿಂದಲೇ ಹೇಳಿದ, "ನಿನ್ನೆ ಬರಬೇಕಿತ್ತು ಅಂಕಲ್. ಅಂಥದ್ದು ನಾವು ನೋಡೇ ಇರಲಿಲ್ಲ."

ಒಂದ್ನಿಮಿಷ ಥ್ಯಾಂಕ್ಸ್ ಎಂದ. ಬೋರ್ಡು ತೆಗೆದುಕೊಂಡು ನೀರಿಗಿಳಿದ. ಹಾಯಿಗಾರ ತಡೆಯಲಿಲ್ಲ, ತಡೆಯಬೇಕಾದದ್ದೇನೂ ಅಲ್ಲಿ ಉಳಿದಿರಲಿಲ್ಲ. ಗೆಳೆಯ ಮೆಲ್ಲಗೆ ಕೈಯಾಡಿಸುತ್ತ ಮೂಲೆಯವರೆಗೆ ಹೋಗಿ, ಅಲೆ ಹುಟ್ಟುವ ಜಾಗದಲ್ಲಿ ಬೋರ್ಡಿನ ಮೇಲೆ ಕಾಲು ಇಳಿಬಿಟ್ಟು ಕೂತ. ಬೆನ್ನು ಈ ಕಡೆಗಿತ್ತು. ವ್ಯಾನು ಹೋಯಿತು. ನೆರಳು ಉದ್ದವಾಯಿತು. ಅಷ್ಟು ಹೊತ್ತೂ ಹಾಯಿಗಾರ ದಡದಲ್ಲಿ ನಿಂತು ಒಂದು ಅಲೆ ಬರಲಿ, ಚಿಕ್ಕದಾದರೂ ಬರಲಿ ಎಂದು ಸಮುದ್ರವನ್ನು ಬೇಡಿದ. ಅಲ್ಲಿಯವರೆಗೂ ಅದು ಬಾರದಿರಲಿ ಎಂದು ಬೇಡಿದ್ದವನೂ ಅವನೇ.

ಒಂದ್ನಿಮಿಷ ವಾಪಸು ಬಂದು ದೋಣಿಯ ಅಂಚಿಗೆ ಕೂತ. ಇಳಿಸಿಟ್ಟಿದ್ದ ಹಾಯಿಯನ್ನು ತೊಡೆಯ ಮೇಲೆಳೆದುಕೊಂಡು ಹೊಲಿಗೆಯುದ್ದಕ್ಕೂ ಹೆಬ್ಬೆರಳು ಜಾರಿಸಿದ. ಒಂದು ಪಟ್ಟಿ, ಇನ್ನೊಂದು ಪಟ್ಟಿ.

"ಈಗ ಗೊತ್ತಾಗಿದ್ದಲ್ಲ ಇದು. ಮಲಗಿಕೊಂಡು ಇದನ್ನೇ ನೋಡ್ತಿದ್ದೆನಲ್ಲ," ಎಂದ. "ಅದಕ್ಕೇ ಆ ಮುದುಕನ ಹಾಯಿ ಕೇಳಿದೆ. ಈಗಲಾದ್ರೂ ಹೂಂ ಅಂತಾನೇನೋ ಅಂತ."

ಹಾಯಿಗಾರ ಬಗ್ಗಿ ಲಂಗರಿನ ಹಗ್ಗ ಸುತ್ತತೊಡಗಿದ.

"ಅವಳು ಹೇಳಿದ್ಲಾ?" ಎಂದು ಒಂದ್ನಿಮಿಷ ಕೇಳಿದ.

ಒಂದು ಹೂಂ ಸಾಕಿತ್ತು. ಅದನ್ನು ಹೇಳಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಆದರೆ ಈ ಮನುಷ್ಯ ಇಲ್ಲಿಂದ ವಾಪಸು ಹೋಗುವುದು ಆ ಹೆಂಡತಿಯ ಮನೆಗೆ, ಅವಳು ಹಾಸಿದ ಹಾಸಿಗೆಗೆ, ಅವಳು ಎಣಿಸಿಕೊಡುವ ಮಾತ್ರೆಗೆ. ಉಳಿದ ದಿನಗಳಿಗೆ ಅವನಿಗೆ ಬೇರೆ ಜಾಗವಿಲ್ಲ. ಹಾಯಿಗಾರ ವ್ಯಾಪಾರ ಕಲಿಯದವನು, ಆ ಹೊತ್ತಿನಲ್ಲಿ ಮಾತ್ರ ನಷ್ಟ ಯಾರ ಪಾಲಿಗೆ ಬೀಳಬೇಕು ಎಂದು ಅವನಿಗೆ ಥಟ್ಟನೆ ತಿಳಿಯಿತು.

"ಇಲ್ಲ. ನಾನೇ ಮಾಡಿದ್ದು."

ಒಂದ್ನಿಮಿಷ ತಲೆಯಾಡಿಸಿದ. ಬೈಯುತ್ತಾನೆ ಎಂದುಕೊಂಡಿದ್ದ ಹಾಯಿಗಾರ. ಅವನು ಬೈಯಲಿಲ್ಲ. ಹಾಯಿಯನ್ನು ಮಡಿಕೆ ಕೆಡದಂತೆ ಪಕ್ಕಕ್ಕಿಟ್ಟ.

"ನಿನ್ನನ್ನ ಏಮಾರಿಸಿದೋರಿಗೂ ನೀನು ಕೆಟ್ಟ ಹಾಯಿ ಹೊಲಿದುಕೊಟ್ಟಿಲ್ಲ. ನಂಗೆ ಹೊಲಿದೆ," ಎಂದ. "ನಂಗೆ ಎಷ್ಟು ದಿನ ಬೇಕು ಅಂತ ನೀನೇ ಅಳತೆ ತಗೊಂಡ್ಬಿಟ್ಟೆ. ನನ್ನ ಒಂದು ಮಾತು ಕೇಳ್ಲಿಲ್ಲ," ಎಂದ.

ಬೆಳಿಗ್ಗೆ ಬಸ್ಸಿನ ಮೇಲೆ ಬೋರ್ಡು ಕಟ್ಟಿಸಿ, ಮಾತ್ರೆಯ ಪೊಟ್ಟಣವನ್ನು ಕೈ ಚಾಚಿ ಕೇಳಿ ತೆಗೆದುಕೊಂಡು ಒಂದ್ನಿಮಿಷ ಊರಿಗೆ ಹೋದ. ಹಾಯಿಗಾರ ಒಬ್ಬನೇ ದೋಣಿ ಬಿಟ್ಟ. ಆ ದಿನ ಗಾಳಿ ಜೋರಾಯಿತು. ಜೋರು ಗಾಳಿಗೆ ಹೊಟ್ಟೆಯಿಲ್ಲದ ಹಾಯಿಯೇ ಒಳ್ಳೆಯದು. ದೋಣಿ ಬಾಣದಂತೆ ಓಡಿತು. ಹೋಗುವಾಗ ಕರುಣೆಯಿಂದ ಕೈ ಬೀಸಿದ್ದ ಮೀನುಗಾರರು ಈಗ ಭೇಷ್ ಎಂದು ಕೂಗಿದರು. ಅವನು ಚುಕ್ಕಾಣಿ ಹಿಡಿದು ಅಳುತ್ತಿದ್ದುದು ಅಷ್ಟು ದೂರಕ್ಕೆ ಕಾಣುವಂತಿರಲಿಲ್ಲ.

ಆಮೇಲೆ ಒಂದ್ನಿಮಿಷ ಅಂಗಡಿಗೆ ಬರಲಿಲ್ಲ. ಶೆಡ್ಡಿಗೆ ಬೀಗ ಬಿತ್ತು. ಹಾಯಿಗಾರ ಒಂದೆರಡು ಸಲ ಮನೆಗೆ ಹೋದ. ಗೆಳೆಯ ಮಂಚದ ಮೇಲೆ ದಿಂಬಿಗೊರಗಿ ಕೂತಿರುತ್ತಿದ್ದ. ಬಾ, ಕೂತ್ಕೋ, ಅಕ್ಕ ಹೇಗಿದ್ದಾಳೆ ಎಂದು ವಿಚಾರಿಸುತ್ತಿದ್ದ. ದಾರಿಯಲ್ಲಿ ಸಿಕ್ಕ ಪರಿಚಿತರನ್ನು ಮಾತಾಡಿಸಿದಂತೆ. ಒಂದು ಬೈಗುಳ, ಒಂದು ಅಡ್ಡಮಾತು ಇಲ್ಲ. ಆ ಮರ್ಯಾದೆಯನ್ನು ತಡೆದುಕೊಳ್ಳಲಾಗದೆ ಹಾಯಿಗಾರ ಹೋಗುವುದನ್ನು ಬಿಟ್ಟ. ಬೀದಿಯವರು ಮಾತ್ರ, ಜೋಪಾನವಾಗಿ ಕರೆದುಕೊಂಡು ಹೋಗಿ ಬಂದ, ಗೆಳೆಯ ಅಂದ್ರೆ ಹೀಗಿರಬೇಕು ಎಂದು ಮೊದಲ ಸಲ ಬಾಯಿಬಿಟ್ಟು ಹೊಗಳಿದರು. ಅವನು ದಬ್ಬಣದಿಂದ ಕಣ್ಣೆತ್ತಲಿಲ್ಲ.

ಇನ್ನೊಂದು ವರ್ಷದ ಅಲೆ ಬರುವ ಮೊದಲೇ ಒಂದ್ನಿಮಿಷ ಹೋದ. ಹಗಲು ಹೊತ್ತು, ಹಾಸಿಗೆಯಲ್ಲಿ, ಹೆಂಡತಿ ಗಂಜಿ ಆರಿಸುತ್ತಿದ್ದಾಗ.

ಕೆಲವು ವಾರಗಳ ನಂತರ ಅವಳು ಅಂಗಡಿಗೆ ಬಂದಳು. ಹಾಯಿಗಾರ ನೆಲದ ಮೇಲೆ ಮಂಡಿಯೂರಿದ್ದ. ಅವಳು ನಿಂತೇ ಇದ್ದಳು. ಈ ಸಲ ಅವನ ಕೈಯನ್ನೂ ನೋಡಲಿಲ್ಲ.

"ಒಂದು ದಿನ ನನ್ನ ಕೇಳಿದ್ರು ಅಣ್ಣ. ಹಾಯಿ ಹಾಗೆ ಹೊಲಿಯೋಕೆ ಅವನಿಗೆ ಯಾರಾದ್ರೂ ಹೇಳಿದ್ರಾ ಅಂತ. ನಂಗೇನು ಗೊತ್ತು ಅಂದ್ಬಿಟ್ಟೆ. ನಿಜ ಹೇಳೋಕೆ ಬಾಯಿ ಬರ್ಲಿಲ್ಲ."

"ಅವನೇನಂದ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾತು ಅದರೊಳಗಿಂದಲೇ ಬಂತು.

"ಗೋಡೆ ಕಡೆ ತಿರುಗಿ ಮಲಗಿದ್ರು. ಆಮೇಲೆ, ಯಾರೋ ಹೇಳಿ ಮಾಡಿದ್ದಿದ್ರೆ ಹೋಗ್ಲಿ ಅಂತ ಬಿಟ್ಟುಬಿಡ್ತಿದ್ದೆ ಅಂದ್ರು. ಅವನ ಅಂಗಡಿಗೆ ಹೋಗಿ ಕೂತ್ಕೋಬೇಕು ಅಂತ ದಿನಾ ಅನಿಸುತ್ತೆ, ಆದ್ರೆ ಆಗಲ್ಲ ಅಂದ್ರು."

ಹಾಯಿಗಾರ ಅರ್ಧ ಎಳೆದ ಗೆರೆಯನ್ನು ನೋಡುತ್ತಿದ್ದ. ಅವಳು ಕಾಯುತ್ತಿದ್ದಳು, ಅವನು ಒಂದು ಮಾತು ಬೈದರೆ ಹಗುರಾಗುತ್ತದೆ ಎಂಬಂತೆ. ಅವನು ಕೈಗಳನ್ನು ನೆಲಕ್ಕೂರಿ ಕಷ್ಟಪಟ್ಟು ಎದ್ದ.

"ನೀವು ಮಾಡಿದ್ದೇ ಸರಿ ತಂಗಿ. ಅವನು ಕೊನೇವರೆಗೂ ನಿಮ್ಮ ಕೈಯಲ್ಲೇ ನೀರು ಕುಡೀಬೇಕಿತ್ತಲ್ಲ," ಎಂದ.

ಅವಳು ಹೋದ ಮೇಲೆ ಬಾಗಿಲಲ್ಲಿ ಗಿರಾಕಿಯೊಬ್ಬ ಬಂದು ನಿಂತು, ಸಣ್ಣ ಹಾಯಿಯೊಂದು ಆಗಬೇಕಿತ್ತು ಎಂದ. ಹಾಯಿಗಾರ ಇವತ್ತು ಆಗುವುದಿಲ್ಲ ಎಂದ. ಹಾಗಾದರೆ ಯಾವಾಗ ಬರಲಿ ಎಂದು ಅವನು ಕೇಳಿದ. ಹಾಯಿಗಾರ ಮತ್ತೆ ಮಂಡಿಯೂರಿ, ಅರ್ಧ ಎಳೆದಿದ್ದ ಗೆರೆಯನ್ನು ಅಂಗೈಯಿಂದ ಒರೆಸಿದ. ಹೇಳಲು ಒಂದು ದಿನವೂ ತೋಚಲಿಲ್ಲ.